ಬೈಬಲಿನ ಉದ್ದೇಶ: ಕ್ರೈಸ್ತ ತಿಳುವಳಿಕೆಯ ಹಾದಿ

ಕ್ರೈಸ್ತರ ಪವಿತ್ರಗ್ರಂಥವಾದ ಬೈಬಲ್ ಹುಟ್ಟಿದ್ದು ಏತಕ್ಕಾಗಿ, ಅದನ್ನು ಓದುವವರ ಬಾಳಿನಲ್ಲಿ ಏನಾಗಬೇಕು, ಯಾವ ಪ್ರಶ್ನೆಗಳನ್ನು ಹಿಡಿದು ಅದರ ಮುಂದೆ ಕೂರಬೇಕು ಎಂಬ ಜಿಜ್ಞಾಸೆ ಕ್ರೈಸ್ತಧರ್ಮದಷ್ಟೇ ಹಳೆಯದು. ಕಥೋಲಿಕ, ಆರ್ಥೊಡಾಕ್ಸ್, ಪ್ರಾಟೆಸ್ಟೆಂಟ್ ಸಭೆಗಳು ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಭಿನ್ನತೆಗಳು ಇವೆ. ಆದರೂ ಮುಖ್ಯ ಪರಂಪರೆಗಳೆಲ್ಲ ಒಪ್ಪುವ ಒಂದು ಮಾತುಂಟು: ಬೈಬಲ್ ತಾನೇ ಗುರಿಯಲ್ಲ. ಯೇಸು ಕ್ರಿಸ್ತನನ್ನು ಅರಿಯುವಂತೆ, ನಂಬುವಂತೆ, ಆ ನಂಬಿಕೆಯ ಬಲದಿಂದ ದೇವರನ್ನೂ ನೆರೆಯವರನ್ನೂ ಪ್ರೀತಿಸುವಂತೆ ಮಾಡುವುದು ಅದರ ಕೆಲಸ. ಎರಡು ಸಾವಿರ ವರ್ಷಗಳಲ್ಲಿ ಈ ಗ್ರಂಥದ ಹೆಸರಿನಲ್ಲಿ ನಡೆದ ದೊಡ್ಡ ಅನ್ಯಾಯಗಳನ್ನು ಹಾಗೂ ದೊಡ್ಡ ಗೊಂದಲಗಳನ್ನು ಒಂದೊಂದಾಗಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಈ ಗುರಿಯನ್ನು ಬದಿಗಿಟ್ಟು ಓದಿದ್ದರ ಫಲ ಎಂಬುದು ಸ್ಪಷ್ಟವಾಗುತ್ತದೆ.

ಗ್ರಂಥದ ಸ್ವರೂಪ

ಬೈಬಲ್ ಹಲವು ಪುಸ್ತಕಗಳ ಸಂಗ್ರಹ. ಹಳೆಯ ಒಡಂಬಡಿಕೆಯಲ್ಲಿ ಪ್ರಾಟೆಸ್ಟೆಂಟರು 39, ಕಥೋಲಿಕರು 46 ಪುಸ್ತಕಗಳನ್ನು ಎಣಿಸುತ್ತಾರೆ. ಹೊಸ ಒಡಂಬಡಿಕೆಯ 27 ಪುಸ್ತಕಗಳ ವಿಷಯದಲ್ಲಿ ಇವರ ನಡುವೆ ತಕರಾರಿಲ್ಲ. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆ ಒಟ್ಟು 81 ಪುಸ್ತಕಗಳ ಲೆಕ್ಕ ಹೇಳುತ್ತದೆ. ಮೂಲಭಾಷೆಗಳು ಇಬ್ರಿಯ ಮತ್ತು ಗ್ರೀಕ್. ದಾನಿಯೇಲ, ಎಜ್ರ ಪುಸ್ತಕಗಳ ಕೆಲವು ಭಾಗಗಳು ಅರಮಾಯಿಕ್ ಭಾಷೆಯಲ್ಲಿವೆ. ವಂಶಾವಳಿ, ಕಾನೂನು, ರಾಜರ ವೃತ್ತಾಂತ, ಗಾದೆ, ಶೋಕಗೀತೆ, ಪ್ರೇಮಗೀತೆ, ಪ್ರವಾದಿಗಳ ಖಂಡನೆ, ಖಾಸಗಿ ಪತ್ರ, ದರ್ಶನ ಎಲ್ಲವೂ ಇದರೊಳಗೆ ಸೇರಿವೆ. ಜ್ಞಾನೋಕ್ತಿಗಳು ಶ್ರಮಕ್ಕೆ ತಕ್ಕ ಫಲವುಂಟೆಂದು ಧೈರ್ಯ ಹೇಳಿದರೆ ಪ್ರಸಂಗಿ ಎಲ್ಲವೂ ವ್ಯರ್ಥವೆಂದು ನಿಟ್ಟುಸಿರಿಡುತ್ತಾನೆ. ಇಬ್ರಿಯ ಭಾಷೆಯ ಎಸ್ತೇರಳ ಪುಸ್ತಕದಲ್ಲಿ ದೇವರ ಹೆಸರೇ ಇಲ್ಲ. ಇಷ್ಟು ದನಿಗಳ ಸಂಗ್ರಹಕ್ಕೆ ಒಂದೇ ಉದ್ದೇಶವಿದೆ ಎನ್ನುವುದು ಸಣ್ಣ ಮಾತಲ್ಲ.

ಕ್ರೈಸ್ತರು ಆ ಮಾತನ್ನು ಆಡಿರುವುದು ಮೊದಲಿಗೆ ಪುಸ್ತಕಗಳನ್ನು ಜೋಡಿಸಿದ ಕ್ರಮದಲ್ಲಿಯೇ ಕಾಣುತ್ತದೆ. ಯೆಹೂದ್ಯರ ಇಬ್ರಿಯ ಗ್ರಂಥ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತದಿಂದ ಮುಗಿಯುತ್ತದೆ. ಪಾರಸಿಯ ರಾಜ ಕೋರೆಷನು ಸೆರೆಯಲ್ಲಿದ್ದ ಜನರಿಗೆ ಯೆರೂಸಲೇಮಿಗೆ ಮರಳಲು ಅಪ್ಪಣೆ ಕೊಡುವುದು ಅದರ ಕೊನೆಯ ಮಾತು. ಕ್ರೈಸ್ತರ ಹಳೆಯ ಒಡಂಬಡಿಕೆ ಸಾಮಾನ್ಯವಾಗಿ ಮಲಾಕಿಯನಿಂದ ಮುಗಿಯುತ್ತದೆ. ಎಲೀಯನು ಬರಲಿದ್ದಾನೆ ಎಂಬ ನಿರೀಕ್ಷೆ ಅಲ್ಲಿಯ ಕೊನೆಯ ಮಾತು. ಹಾಳೆ ತಿರುವಿದರೆ ಮತ್ತಾಯನ ಸುವಾರ್ತೆ. ಇಬ್ಬರೂ ಓದುವುದು ಬಹುಪಾಲು ಅವೇ ಪುಸ್ತಕಗಳನ್ನು, ಆದರೆ ಕಥೆ ಎತ್ತ ಸಾಗುತ್ತಿದೆ ಎಂಬ ನೋಟ ಬೇರೆ. ಯೆಹೂದ್ಯರ ಓದಿಗೂ ತನ್ನದೇ ಸಾಧುತ್ವವಿದೆ ಎಂಬುದನ್ನು ಬಹುಕಾಲ ಕ್ರೈಸ್ತರು ಒಪ್ಪಿಕೊಳ್ಳಲಿಲ್ಲ. ಆ ನಿರಾಕರಣೆ ಯೂರೋಪಿನಲ್ಲಿ ಯೆಹೂದ್ಯದ್ವೇಷಕ್ಕೆ ಗೊಬ್ಬರವಾಯಿತು. ಕಥೋಲಿಕ ಸಭೆಯ ಬೈಬಲ್ ಆಯೋಗ 2001ರಲ್ಲಿ ಹೊರತಂದ ದಸ್ತಾವೇಜು ಯೆಹೂದ್ಯರ ಓದನ್ನು ಒಂದು ಸಾಧ್ಯ ಓದು ಎಂದು ನೇರವಾಗಿ ಮನ್ನಿಸಿತು.

ಗ್ರಂಥವೇ ಹೇಳುವುದು

ತಾನು ಏಕೆ ಬರೆಯುತ್ತಿದ್ದೇನೆ ಎಂದು ಬೈಬಲಿನ ಲೇಖಕರಲ್ಲಿ ಕೆಲವರು ಬಾಯಿಬಿಟ್ಟು ಹೇಳಿದ್ದಾರೆ. ಲೂಕನು ಥೆಯೊಫಿಲನೆಂಬವನಿಗೆ ತನ್ನ ಸುವಾರ್ತೆಯನ್ನು ಅರ್ಪಿಸುತ್ತ, ಕಲಿತ ವಿಷಯಗಳು ದೃಢವಾದವು ಎಂದು ಓದುಗನಿಗೆ ಮನದಟ್ಟಾಗಲಿ ಎನ್ನುತ್ತಾನೆ. ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯದ ಕೊನೆಯಲ್ಲಿ ಬರುವ ಹೇಳಿಕೆ ಇನ್ನೂ ಸ್ಪಷ್ಟ: ಯೇಸು ಮಾಡಿದ ಬೇರೆ ಎಷ್ಟೋ ಸೂಚಕಕಾರ್ಯಗಳನ್ನು ಬರೆದಿಲ್ಲ, ಬರೆದಿರುವಷ್ಟನ್ನು ಬರೆದದ್ದು ಆತನೇ ಕ್ರಿಸ್ತನೆಂದು ಓದುಗರು ನಂಬಿ ಜೀವ ಪಡೆಯಲೆಂದು. ಇದು ಗಮನಿಸಬೇಕಾದ ಮಾತು. ಎಲ್ಲವನ್ನೂ ದಾಖಲಿಸುವುದು ಲೇಖಕನ ಆಸೆಯಲ್ಲ. ಉದ್ದೇಶಕ್ಕೆ ಬೇಕಾದದ್ದನ್ನು ಅವನು ಆಯ್ದುಕೊಂಡಿದ್ದಾನೆ.

ಈ ವಿಷಯದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಭಾಗ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 3ನೆಯ ಅಧ್ಯಾಯ. ಶಾಸ್ತ್ರವೆಲ್ಲವೂ ದೈವಪ್ರೇರಿತವೆಂದು ಹೇಳಿದ ಕೂಡಲೆ ಆ ಪತ್ರ ಅದರ ಉಪಯೋಗಕ್ಕೆ ಬರುತ್ತದೆ: ಉಪದೇಶ, ಖಂಡನೆ, ತಿದ್ದುಪಡಿ, ನೀತಿಶಿಕ್ಷೆ, ಕೊನೆಗೆ ದೇವರ ಮನುಷ್ಯನು ಸತ್ಕಾರ್ಯಕ್ಕೆ ಸನ್ನದ್ಧನಾಗುವುದು. ಅದಕ್ಕೂ ಮುಂಚಿನ ಸಾಲುಗಳಲ್ಲಿ ಕ್ರಿಸ್ತನಲ್ಲಿನ ನಂಬಿಕೆಯ ಮೂಲಕ ರಕ್ಷಣೆಗೆ ಬೇಕಾದ ಜ್ಞಾನದ ಮಾತಿದೆ. ದೈವಪ್ರೇರಣೆಯ ಬಗ್ಗೆ ವಾದ ಮಾಡುವವರು ಈ ಭಾಗದ ಮೊದಲ ಅರ್ಧವನ್ನು ಎತ್ತಿಕೊಂಡು ಎರಡನೆಯ ಅರ್ಧವನ್ನು ಬಿಟ್ಟುಬಿಡುವುದು ಹೆಚ್ಚು. ಪತ್ರದ ಒತ್ತು ಇರುವುದು ಎರಡನೆಯ ಅರ್ಧದಲ್ಲಿ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಇದಕ್ಕೆ ಇನ್ನೊಂದನ್ನು ಸೇರಿಸುತ್ತಾನೆ. ಹಿಂದೆ ಬರೆದದ್ದೆಲ್ಲ ತಾಳ್ಮೆ, ಸಮಾಧಾನಗಳ ಮೂಲಕ ನಿರೀಕ್ಷೆ ಹುಟ್ಟಲೆಂದು ಎಂಬುದು ಅವನ ಅಭಿಪ್ರಾಯ.

ಯೇಸುವಿನ ಕುರಿತ ಎರಡು ಪ್ರಸಂಗಗಳು ಈ ಚರ್ಚೆಗೆ ಬುನಾದಿಯಾಗಿವೆ. ಮೊದಲನೆಯದು ಅರಣ್ಯದ ಶೋಧನೆ. ಅಲ್ಲಿ ಸೈತಾನನೂ ಕೀರ್ತನೆಯ ವಚನವನ್ನು ಉದ್ಧರಿಸುತ್ತಾನೆ, ಅದೂ ತಪ್ಪಿಲ್ಲದೆ. ಅಕ್ಷರ ಸರಿಯಿದ್ದರೂ ಬಳಕೆ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಎರಡನೆಯದು ಲೂಕನ ಸುವಾರ್ತೆಯ ಕೊನೆಯಲ್ಲಿ ಬರುವ ಎಮ್ಮಾಹು ಗ್ರಾಮದ ದಾರಿ. ಶಿಲುಬೆಯ ಮರಣದಿಂದ ಎದೆಗುಂದಿದ ಇಬ್ಬರು ಶಿಷ್ಯರ ಜೊತೆ, ಗುರುತು ಸಿಗದಂತೆ, ಪುನರುತ್ಥಾನಗೊಂಡ ಯೇಸು ನಡೆಯುತ್ತಾನೆ. ಮೋಶೆಯಿಂದ ಹಿಡಿದು ಪ್ರವಾದಿಗಳವರೆಗೆ ಶಾಸ್ತ್ರದಲ್ಲಿ ತನ್ನ ವಿಷಯವಾಗಿರುವುದನ್ನು ವಿವರಿಸುತ್ತಾನೆ. ಅವರ ಮನಸ್ಸು ಹೊತ್ತಿಕೊಳ್ಳುತ್ತದೆ. ಆದರೆ ಕಣ್ಣು ತೆರೆಯುವುದು ಮನೆಯಲ್ಲಿ ಕುಳಿತು ರೊಟ್ಟಿ ಮುರಿದಾಗ. ಕ್ರೈಸ್ತರ ಶಾಸ್ತ್ರಪಠಣದ ಇಡೀ ನಕ್ಷೆ ಈ ಕಥೆಯಲ್ಲಿದೆ ಎನ್ನಬಹುದು. ಓದು ವ್ಯಕ್ತಿಯ ಭೇಟಿಗೆ ಒಯ್ಯುತ್ತದೆ, ಭೇಟಿ ಊಟದ ಪಂಕ್ತಿಯಲ್ಲಿ ಆಗುತ್ತದೆ, ಅದಾದ ಮೇಲೆ ಶಿಷ್ಯರು ಸುಮ್ಮನೆ ಕೂರದೆ ಅದೇ ರಾತ್ರಿ ಸುದ್ದಿ ಹೇಳಲು ಯೆರೂಸಲೇಮಿಗೆ ಓಡುತ್ತಾರೆ.

ಭಾರತದ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಬೇಕು. ವೇದಪಾಠದಲ್ಲಿ ಸ್ವರ ಮತ್ತು ಉಚ್ಚಾರಣೆಗೆ ತಮ್ಮದೇ ಪಾವಿತ್ರ್ಯವಿದೆ. ಇಸ್ಲಾಮಿನಲ್ಲಿ ಕುರಾನ್ ಎಂದರೆ ಅರಬ್ಬಿ ಭಾಷೆಯ ಮೂಲವೇ. ಕ್ರೈಸ್ತ ನಂಬಿಕೆಯಲ್ಲಿ ದೇವರ ವಾಕ್ಯವೆಂಬ ಹೆಸರು ಮೊದಲು ಸಲ್ಲುವುದು ಮನುಷ್ಯನಾಗಿ ಹುಟ್ಟಿದ ಕ್ರಿಸ್ತನಿಗೆ. ಬೈಬಲ್ ಆತನಿಗೆ ಸಾಕ್ಷಿ. ಆದ್ದರಿಂದಲೇ ಅನುವಾದವಾದ ಬೈಬಲನ್ನು ಕ್ರೈಸ್ತರು ಮೂಲದ ನೆರಳೆಂದು ಕಡೆಗಣಿಸದೆ ಬೈಬಲೆಂದೇ ಆರಾಧನೆಯಲ್ಲಿ ಓದುತ್ತಾರೆ. ಇಂದು ಪೂರ್ಣ ಬೈಬಲ್ 700ಕ್ಕೂ ಹೆಚ್ಚು ಭಾಷೆಗಳಲ್ಲಿ ಇರುವುದಕ್ಕೆ ಈ ನಂಬಿಕೆ ಕಾರಣ.

ಆದಿಸಭೆ ಮತ್ತು ಅಗಸ್ಟೀನ್

ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಎಂದು ವಾದಿಸಿ ಇಡೀ ಹಳೆಯ ಒಡಂಬಡಿಕೆಯನ್ನು ಕೈಬಿಟ್ಟ. ತನ್ನ ಕತ್ತರಿಗೆ ಒಗ್ಗಿದ ಲೂಕನ ಸುವಾರ್ತೆ ಮತ್ತು ಪೌಲನ ಹತ್ತು ಪತ್ರಗಳನ್ನು ಮಾತ್ರ ಉಳಿಸಿಕೊಂಡ. ರೋಮಿನ ಸಭೆ ಸುಮಾರು 144ರಲ್ಲಿ ಅವನನ್ನು ಹೊರಗಿಟ್ಟಿತು. ಸೃಷ್ಟಿ, ಇಸ್ರಾಯೇಲರ ಕರೆ, ಪ್ರವಾದಿಗಳ ಹಂಬಲ ಇವುಗಳನ್ನು ತೆಗೆದುಹಾಕಿದರೆ ಕ್ರಿಸ್ತನ ಕಥೆಗೆ ನೆಲವೇ ಇರುವುದಿಲ್ಲ ಎಂಬುದನ್ನು ಸಭೆ ಈ ಘರ್ಷಣೆಯಿಂದ ಕಲಿಯಿತು. ಸುಮಾರು 180ರಲ್ಲಿ ಲಿಯಾನ್ ನಗರದ ಬಿಷಪ್ ಐರೇನಿಯಸ್, ಶಾಸ್ತ್ರವಚನಗಳನ್ನು ತಮಗೆ ಬೇಕಾದಂತೆ ಕಿತ್ತು ಜೋಡಿಸುವವರನ್ನು ಕುರಿತು, ರಾಜನ ಚಿತ್ರವಿರುವ ಮಣಿಚಿತ್ರವನ್ನು ಕಳಚಿ ಅವೇ ಮಣಿಗಳಿಂದ ನರಿಯ ಚಿತ್ರ ಮಾಡಿದಂತೆ ಎಂದು ಬರೆದ. ಯಾವ ಮಣಿಯೂ ಸುಳ್ಳಲ್ಲ, ಚಿತ್ರ ಮಾತ್ರ ಸುಳ್ಳು. ವಚನಗಳನ್ನು ಜೋಡಿಸಲು ಅಪೊಸ್ತಲರಿಂದ ಬಂದ ವಿಶ್ವಾಸದ ಸೂತ್ರ ಬೇಕು ಎಂಬುದು ಅವನ ವಾದ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ ಮೊದಲು ಸಿಗುವುದು ಅಲೆಕ್ಸಾಂಡ್ರಿಯದ ಅತನೇಸಿಯಸ್ 367ರಲ್ಲಿ ಬರೆದ ಪಸ್ಕದ ಪತ್ರದಲ್ಲಿ.

ಆ ಕಾಲದ ಹೆಚ್ಚಿನ ಕ್ರೈಸ್ತರು ಬೈಬಲನ್ನು ಓದಿದವರಲ್ಲ, ಕೇಳಿದವರು. ಸುಮಾರು 155ರಲ್ಲಿ ಜಸ್ಟಿನ್ ಬರೆದ ಸಮರ್ಥನೆಯಲ್ಲಿ ಭಾನುವಾರದ ಕೂಟದ ವರ್ಣನೆಯಿದೆ: ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿದ್ದಷ್ಟು ಓದುತ್ತಾರೆ, ಮುಖಂಡನು ಅವುಗಳಂತೆ ಬಾಳಲು ಬುದ್ಧಿಹೇಳುತ್ತಾನೆ, ಪ್ರಾರ್ಥನೆ, ರೊಟ್ಟಿ ಹಾಗೂ ದ್ರಾಕ್ಷಾರಸದ ಹಂಚಿಕೆ ನಡೆಯುತ್ತದೆ, ಉಳ್ಳವರು ಕೊಟ್ಟದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತದೆ. ಗ್ರಂಥದ ವಾಚನದಿಂದ ಅನಾಥರ ಪಾಲನೆಯವರೆಗೆ ಒಂದೇ ಸರಪಳಿ. ಒಬ್ಬನೇ ಕುಳಿತು ಮೌನವಾಗಿ ಓದುವುದೇ ಬೈಬಲ್ ಓದುವ ಸಹಜ ಕ್ರಮ ಎಂದು ಭಾವಿಸುವ ಇಂದಿನವರು ಈ ವರ್ಣನೆಯನ್ನು ನೆನಪಿಡುವುದು ಒಳ್ಳೆಯದು. ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ಶಾಸ್ತ್ರದ ಮುಖ್ಯ ನೆಲೆ ಆರಾಧನೆ. ಬೈಜಾಂಟಿಯಂ ಸಂಪ್ರದಾಯದಲ್ಲಿ ಪ್ರಕಟನೆ ಪುಸ್ತಕ ಪವಿತ್ರಗ್ರಂಥದ ಭಾಗವೇ ಆದರೂ ಆರಾಧನೆಯ ಪಾಠಗಳಲ್ಲಿ ಅದನ್ನು ಓದುವುದಿಲ್ಲ.

ಉದ್ದೇಶದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡು ಉತ್ತರ ಹೇಳಿದವರಲ್ಲಿ ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ (354–430) ಎಲ್ಲರಿಗಿಂತ ಮುಖ್ಯ. ಯೌವನದಲ್ಲಿ ಸಿಸೆರೊನ ಗದ್ಯಕ್ಕೆ ಮಾರುಹೋದ ಅವನಿಗೆ ಲ್ಯಾಟಿನ್ ಬೈಬಲಿನ ಭಾಷೆ ಒರಟೆನಿಸಿತ್ತು. ಮಿಲಾನಿನಲ್ಲಿ ಅಂಬ್ರೋಸನ ಪ್ರವಚನಗಳನ್ನು ಕೇಳಿದ ಮೇಲೆ ಅದರ ಆಳ ಗೋಚರಿಸಿತು. 386ರಲ್ಲಿ ಪೌಲನ ಪತ್ರದ ಕೆಲವೇ ಸಾಲುಗಳು ಅವನ ಬಾಳನ್ನು ತಿರುಗಿಸಿದವು. ಸುಮಾರು 396ರಲ್ಲಿ ಆರಂಭಿಸಿ 426ರ ಹೊತ್ತಿಗೆ ಮುಗಿಸಿದ ‘ಕ್ರೈಸ್ತ ಬೋಧನೆಯನ್ನು ಕುರಿತು’ ಎಂಬ ಕೃತಿಯಲ್ಲಿ ಅವನು ಒಂದು ಒರೆಗಲ್ಲನ್ನು ಕೊಟ್ಟ. ಶಾಸ್ತ್ರವನ್ನು ಅರ್ಥಮಾಡಿಕೊಂಡೆ ಎನ್ನುವವನು, ಆ ಅರ್ಥದಿಂದ ದೇವಪ್ರೀತಿಯನ್ನೂ ನೆರೆಯವರ ಪ್ರೀತಿಯನ್ನೂ ಬೆಳೆಸಲಾರದಿದ್ದರೆ, ಇನ್ನೂ ಅರ್ಥಮಾಡಿಕೊಂಡಿಲ್ಲ. ಲೇಖಕನ ಆಶಯವನ್ನು ತಪ್ಪಾಗಿ ಹಿಡಿದರೂ ಪ್ರೀತಿಯನ್ನು ಕಟ್ಟಿದವನು ಮೋಸಹೋದವನಲ್ಲ. ಆದರೂ ಅವನನ್ನು ತಿದ್ದಬೇಕು, ಏಕೆಂದರೆ ದಾರಿ ತಪ್ಪುವ ಅಭ್ಯಾಸ ಒಳ್ಳೆಯದಲ್ಲ. ಈ ಎರಡನೆಯ ಮಾತು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಪ್ರೀತಿಯ ಹೆಸರಿನಲ್ಲಿ ವಿದ್ವತ್ತಿನ ಶ್ರಮಕ್ಕೆ ಅವನು ರಿಯಾಯಿತಿ ಕೊಡಲಿಲ್ಲ. ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನದಲ್ಲಿ, ನಕ್ಷತ್ರಗಳ ಚಲನೆ, ಗ್ರಹಣ, ಪ್ರಾಣಿ, ಗಿಡಗಳ ವಿಷಯದಲ್ಲಿ ತಿಳಿದವರ ಮುಂದೆ ಕ್ರೈಸ್ತರು ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ ರಕ್ಷಣೆಯ ವಿಷಯದಲ್ಲಿ ಅವರನ್ನು ಯಾರು ನಂಬುತ್ತಾರೆ ಎಂದೂ ಎಚ್ಚರಿಸಿದ.

ಸುವಾರ್ತೆಯ ಪುಟಗಳನ್ನು ಎಲ್ಲೆಂದರಲ್ಲಿ ತೆರೆದು ಲೌಕಿಕ ವ್ಯವಹಾರಗಳಿಗೆ ಶಕುನ ನೋಡುವುದನ್ನು ಕೂಡ ಅಗಸ್ಟೀನ್ ಒಂದು ಪತ್ರದಲ್ಲಿ ಆಕ್ಷೇಪಿಸಿದ್ದಾನೆ. ಗಾಲ್ ಪ್ರಾಂತದ ಆಗ್ಡ್ ನಗರದಲ್ಲಿ 506ರಲ್ಲಿ ಸೇರಿದ ಸಭಾಸಮ್ಮೇಳನ ಈ ಪದ್ಧತಿಯನ್ನು ನಿಷೇಧಿಸಿತು.

ಸುಧಾರಣೆ, ಟ್ರೆಂಟ್ ಮತ್ತು ಗೆಲಿಲಿಯೋ

ಮಧ್ಯಯುಗದ ಪಂಡಿತರು ಶಾಸ್ತ್ರಕ್ಕೆ ನಾಲ್ಕು ಅರ್ಥಗಳನ್ನು ಹೇಳುತ್ತಿದ್ದರು: ಅಕ್ಷರಾರ್ಥ, ಕ್ರಿಸ್ತನನ್ನು ಸೂಚಿಸುವ ಸಾಂಕೇತಿಕಾರ್ಥ, ನಡತೆಗೆ ಸಂಬಂಧಿಸಿದ ಅರ್ಥ, ಪರಲೋಕದ ನಿರೀಕ್ಷೆಯನ್ನು ತೋರುವ ಅರ್ಥ. ಉಳಿದ ಮೂರಕ್ಕೂ ಅಕ್ಷರಾರ್ಥವೇ ಅಡಿಪಾಯ ಎಂದು 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಪಟ್ಟುಹಿಡಿದ. ಮಠಗಳಲ್ಲಿ ಓದು, ಧ್ಯಾನ, ಪ್ರಾರ್ಥನೆ, ದೈವದರ್ಶನ ಎಂಬ ನಾಲ್ಕು ಮೆಟ್ಟಿಲುಗಳ ಪಠಣಕ್ರಮ ಬೆಳೆಯಿತು. ಇದನ್ನು 12ನೆಯ ಶತಮಾನದ ಎರಡನೆಯ ಗಿಗೋ ಎಂಬ ಸನ್ಯಾಸಿ ಕ್ರಮಬದ್ಧವಾಗಿ ಬರೆದಿಟ್ಟ.

ಸುಧಾರಣೆಯ ಮುಂದಾಳು ಮಾರ್ಟಿನ್ ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನೂ 1534ರಲ್ಲಿ ಸಂಪೂರ್ಣ ಬೈಬಲನ್ನೂ ಜರ್ಮನ್ ಭಾಷೆಯಲ್ಲಿ ಹೊರತಂದ. ಇಂಗ್ಲಿಷಿನಲ್ಲಿ ಹೊಸ ಒಡಂಬಡಿಕೆಯನ್ನು 1526ರಲ್ಲಿ ಅಚ್ಚುಮಾಡಿಸಿದ ವಿಲಿಯಂ ಟಿಂಡೇಲ್ ಹತ್ತು ವರ್ಷಗಳ ಬಳಿಕ ಪ್ರಾಣ ತೆರಬೇಕಾಯಿತು. ರಕ್ಷಣೆಗೆ ಬೇಕಾದದ್ದನ್ನು ತಿಳಿಯಲು ಶಾಸ್ತ್ರವೊಂದೇ ಸಾಕು, ಅದು ಉಳುವವನಿಗೂ ನೇಯುವವನಿಗೂ ಅರ್ಥವಾಗುವಷ್ಟು ಸ್ಪಷ್ಟ ಎಂಬುದು ಸುಧಾರಕರ ನಿಲುವು. ಶಾಸ್ತ್ರದ ಯಾವ ಪುಸ್ತಕವಾದರೂ ಕ್ರಿಸ್ತನತ್ತ ಒಯ್ಯುತ್ತದೆಯೇ ಎಂಬುದು ಲೂಥರನ ಅಳತೆಗೋಲು. ಅದೇ ಅಳತೆಯಿಂದ ಅವನು ಯಾಕೋಬನ ಪತ್ರವನ್ನು ಹಗುರವಾಗಿ ಕಂಡ. ಗುರಿಯನ್ನು ಸರಿಯಾಗಿ ಹಿಡಿದವನೂ ಅದನ್ನು ಅನ್ವಯಿಸುವಾಗ ಎಡವಬಹುದು. ಬಡವರನ್ನು ಕಡೆಗಣಿಸುವ ನಂಬಿಕೆ ಸತ್ತದ್ದು ಎನ್ನುವ ಆ ಪತ್ರ ಸಭೆಗೆ ಎಂದಿಗೂ ಬೇಕು. ಶಾಸ್ತ್ರವೊಂದೇ ಸಾಕೆಂದ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ 1529ರಲ್ಲಿ ಮಾರ್ಬರ್ಗಿನಲ್ಲಿ ಎದುರುಬದುರು ಕುಳಿತು, ಪ್ರಭುಭೋಜನದ ಒಂದು ವಾಕ್ಯದ ಅರ್ಥದ ಬಗ್ಗೆ ಒಮ್ಮತಕ್ಕೆ ಬಾರದೆ ಎದ್ದುಹೋದರು. 1640ರ ದಶಕದಲ್ಲಿ ರೂಪುಗೊಂಡ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಈ ಅನುಭವವನ್ನು ಒಳಗೊಂಡು, ಶಾಸ್ತ್ರದಲ್ಲಿ ಎಲ್ಲವೂ ಒಂದೇ ಸಮ ಸ್ಪಷ್ಟವಲ್ಲ, ರಕ್ಷಣೆಗೆ ಅಗತ್ಯವಾದದ್ದು ಸ್ಪಷ್ಟ ಎಂದು ಎಚ್ಚರದಿಂದ ಹೇಳಿತು. ಕಥೋಲಿಕ ಸಭೆ ಟ್ರೆಂಟ್ ಸಮ್ಮೇಳನದಲ್ಲಿ, 1546ರ ಏಪ್ರಿಲ್ 8ರಂದು, ಸುವಾರ್ತೆಯ ಸತ್ಯ ಬರೆದ ಗ್ರಂಥಗಳಲ್ಲಿಯೂ ಅಪೊಸ್ತಲರಿಂದ ಬಂದ ಅಲಿಖಿತ ಪರಂಪರೆಗಳಲ್ಲಿಯೂ ಇದೆಯೆಂದು ಸಾರಿತು.

ಸೂರ್ಯ ನಿಲ್ಲಲೆಂದು ಯೆಹೋಶುವ ಆಜ್ಞಾಪಿಸಿದ ಪ್ರಸಂಗ ಖಗೋಳಶಾಸ್ತ್ರಕ್ಕೆ ಅಡ್ಡವಾದದ್ದು ಮುಂದಿನ ಶತಮಾನದಲ್ಲಿ. 1615ರಲ್ಲಿ ಗೆಲಿಲಿಯೋ ಟಸ್ಕನಿಯ ರಾಜಮಾತೆ ಕ್ರಿಸ್ಟೀನಳಿಗೆ ಬರೆದ ದೀರ್ಘ ಪತ್ರದಲ್ಲಿ, ಪವಿತ್ರಾತ್ಮನು ಕಲಿಸಬಯಸುವುದು ಸ್ವರ್ಗಕ್ಕೆ ಹೋಗುವ ಬಗೆಯನ್ನು, ಆಕಾಶಕಾಯಗಳು ಚಲಿಸುವ ಬಗೆಯನ್ನಲ್ಲ ಎಂಬ ಅರ್ಥದ ಮಾತನ್ನು ಉಲ್ಲೇಖಿಸಿದ. ಅದು ಕಾರ್ಡಿನಲ್ ಬರೋನಿಯಸ್ ಆಡಿದ ಮಾತೆಂದು ಹೇಳಲಾಗುತ್ತದೆ. ಅಗಸ್ಟೀನನನ್ನೂ ಗೆಲಿಲಿಯೋ ಧಾರಾಳವಾಗಿ ಸಾಕ್ಷಿಗೆ ಕರೆದ. 1633ರ ವಿಚಾರಣೆಯಲ್ಲಿ ಗೆಲಿಲಿಯೋಗೆ ಶಿಕ್ಷೆಯಾಯಿತು. ಬೈಬಲನ್ನು ಹೇಗೆ ಓದಬೇಕೆಂಬ ವಿಷಯದಲ್ಲಿ ಅವನು ತನ್ನ ವಿರೋಧಿ ದೇವಶಾಸ್ತ್ರಜ್ಞರಿಗಿಂತ ಸೂಕ್ಷ್ಮದೃಷ್ಟಿ ತೋರಿದ್ದನೆಂದು ಪೋಪ್ ಎರಡನೆಯ ಜಾನ್ ಪಾಲ್ 1992ರ ಅಕ್ಟೋಬರ್ 31ರಂದು ಒಪ್ಪಿಕೊಂಡರು. ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂದು ಲೆಕ್ಕಹಾಕಿದ್ದೂ, ಪ್ರಕಟನೆ ಮತ್ತು ದಾನಿಯೇಲನ ಪುಸ್ತಕಗಳಿಂದ ಲೆಕ್ಕಹಾಕಿ 1844ರ ಅಕ್ಟೋಬರ್ 22ರಂದು ಕ್ರಿಸ್ತ ಮರಳುತ್ತಾನೆಂದು ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು ಕಾದು ನಿರಾಶರಾದದ್ದೂ ಇದೇ ಜಾತಿಯ ತಪ್ಪುಗಳು. ರೋಮ್ ಸಾಮ್ರಾಜ್ಯದ ಒತ್ತಡಕ್ಕೆ ಸಿಕ್ಕಿದ್ದ ಏಷ್ಯಾ ಸೀಮೆಯ ಏಳು ಸಭೆಗಳಿಗೆ ಧೈರ್ಯ ತುಂಬಲು ಬರೆದ ಪ್ರಕಟನೆ ಪುಸ್ತಕವನ್ನು ಪಂಚಾಂಗವಾಗಿ ಓದಲಾಯಿತು.

ಗುಲಾಮರ ಕೈಗೆ ಕೊಟ್ಟ ಬೈಬಲ್

ಖಗೋಳದ ತಪ್ಪು ನಾಚಿಕೆ ತಂದಿತು. ಗುಲಾಮಗಿರಿಯ ವಿಷಯದಲ್ಲಿ ಆದ ತಪ್ಪು ಲಕ್ಷಾಂತರ ಜನರ ಬೆನ್ನ ಮೇಲೆ ಬರೆ ಎಳೆಯಿತು. ಆದಿಕಾಂಡದ 9ನೆಯ ಅಧ್ಯಾಯದಲ್ಲಿ ನೋಹನು ಶಪಿಸಿದ್ದು ಕಾನಾನನನ್ನು. ಅದನ್ನು ಕಾನಾನನ ತಂದೆ ಹಾಮನ ಶಾಪವೆಂದು ತಿರುಚಿ ಆಫ್ರಿಕದವರು ಹುಟ್ಟಾ ದಾಸರೆಂದು ವಾದಿಸಿದರು. ಹೊಸ ಒಡಂಬಡಿಕೆಯ ಪತ್ರಗಳಲ್ಲಿ ದಾಸರು ಯಜಮಾನರಿಗೆ ಅಧೀನರಾಗಿರಲೆಂಬ ಬುದ್ಧಿವಾದವನ್ನು ದೇವರ ಶಾಶ್ವತ ಶಾಸನವೆಂದು ಬೋಧಿಸಿದರು. 1845ರಲ್ಲಿ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು ಉತ್ತರದವರಿಂದ ಬೇರ್ಪಟ್ಟದ್ದರ ಹಿಂದೆ ಈ ವಿವಾದವಿತ್ತು. ಆ ಪಂಗಡ 1995ರಲ್ಲಿ ಇದಕ್ಕಾಗಿ ಕ್ಷಮೆ ಕೇಳಿತು.

ಬ್ರಿಟಿಷರ ವೆಸ್ಟ್ ಇಂಡೀಸ್ ತೋಟಗಳಲ್ಲಿದ್ದ ಗುಲಾಮರ ಬಳಕೆಗೆಂದು ಬೈಬಲಿನ ಆಯ್ದ ಭಾಗಗಳ ಒಂದು ಪುಸ್ತಕ ಲಂಡನ್ನಿನಲ್ಲಿ 1807ರಲ್ಲಿ ಅಚ್ಚಾಯಿತು. ಐಗುಪ್ತದ ದಾಸತ್ವದಿಂದ ಇಸ್ರಾಯೇಲರು ಬಿಡುಗಡೆಯಾದ ಕಥೆ ಅದರಲ್ಲಿಲ್ಲ. ಬಿಟ್ಟದ್ದೇನು ಎಂಬುದನ್ನು ನೋಡಿದರೆ ಸಂಪಾದಕರಿಗೆ ಬೈಬಲಿನ ದಿಕ್ಕು ಚೆನ್ನಾಗಿಯೇ ತಿಳಿದಿತ್ತು ಎಂದು ಅನಿಸದಿರದು. ಅವರು ಮುಚ್ಚಿಟ್ಟದ್ದನ್ನು ಗುಲಾಮರು ಕಿವಿಯಿಂದ ಕೇಳಿ ಹಿಡಿದುಕೊಂಡರು. ಅಮೆರಿಕದ ಕಪ್ಪುಜನರ ಭಕ್ತಿಗೀತೆಗಳಲ್ಲಿ ಮೋಶೆ, ಫರೋಹ, ಯೊರ್ದನ್ ನದಿ ಮತ್ತೆ ಮತ್ತೆ ಬರುತ್ತವೆ. ಓದುಬರಹ ಬಾರದ ಆ ಜನ ಗ್ರಂಥದ ಉದ್ದೇಶವನ್ನು ಪಂಡಿತ ಪಾದ್ರಿಗಳಿಗಿಂತ ಸರಿಯಾಗಿ ಗ್ರಹಿಸಿದ್ದರು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ನೀತಿಗೆ ಬೈಬಲಿನ ಸಮರ್ಥನೆ ಕೊಟ್ಟ ದೇವಶಾಸ್ತ್ರವನ್ನು ಸುಧಾರಿತ ಸಭೆಗಳ ಜಾಗತಿಕ ಒಕ್ಕೂಟ 1982ರಲ್ಲಿ ಧರ್ಮವಿರೋಧಿ ಬೋಧೆಯೆಂದು ಸಾರಿತು.

ಆಧುನಿಕ ಚರ್ಚೆ: ಬೈಬಲಿನಲ್ಲಿ ತಪ್ಪುಗಳಿವೆಯೇ?

19ನೆಯ ಶತಮಾನದ ಇತಿಹಾಸವಿಮರ್ಶೆ ಮೋಶೆಯ ಐದು ಪುಸ್ತಕಗಳಲ್ಲಿ ಹಲವು ಕೈಗಳನ್ನು ಗುರುತಿಸಿತು. 1878ರಲ್ಲಿ ಯೂಲಿಯಸ್ ವೆಲ್‌ಹೌಸನ್ ಈ ವಾದಕ್ಕೆ ಪ್ರಸಿದ್ಧ ರೂಪ ಕೊಟ್ಟ. ಅದಕ್ಕೂ ಮುಂಚೆ 1859ರಲ್ಲಿ ಡಾರ್ವಿನನ ಗ್ರಂಥ ಬಂದಿತ್ತು. ಬೆದರಿದ ಸಭೆಗಳಲ್ಲಿ ಕೆಲವು, ಬೈಬಲ್ ಇತಿಹಾಸ ಹಾಗೂ ವಿಜ್ಞಾನದ ವಿವರಗಳಲ್ಲಿಯೂ ಕೂದಲೆಳೆಯಷ್ಟೂ ತಪ್ಪದು ಎಂದು ಗಟ್ಟಿಯಾಗಿ ಹೇಳತೊಡಗಿದವು. 1978ರ ಶಿಕಾಗೋ ಹೇಳಿಕೆ ಈ ನಿಲುವಿನ ವಿವರವಾದ ಮಂಡನೆ. 1974ರ ಲೌಸಾನ್ ಒಡಂಬಡಿಕೆ ಕೊಂಚ ಬೇರೆ ಮಾತು ಬಳಸಿ, ಬೈಬಲ್ ತಾನು ದೃಢವಾಗಿ ಹೇಳುವ ಎಲ್ಲದರಲ್ಲಿಯೂ ನಿರ್ದೋಷಿ ಎಂದಿತು. ಹಾಗಾದರೆ ಬೈಬಲ್ ದೃಢವಾಗಿ ಹೇಳಬಯಸುವುದು ಏನನ್ನು? ಚರ್ಚೆ ತಿರುಗಿ ಉದ್ದೇಶಕ್ಕೇ ಬಂದು ನಿಲ್ಲುತ್ತದೆ. ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್, ದೇವರ ವಾಕ್ಯಕ್ಕೆ ಕ್ರಿಸ್ತ, ಬೈಬಲ್, ಸಭೆಯ ಬೋಧನೆ ಎಂಬ ಮೂರು ರೂಪಗಳನ್ನು ಹೇಳಿ, ಬೈಬಲನ್ನು ಕ್ರಿಸ್ತನಿಗೆ ಮನುಷ್ಯರು ನುಡಿದ ಸಾಕ್ಷಿಯೆಂದು ವಿವರಿಸಿದ.

ಕಥೋಲಿಕ ಸಭೆಯಲ್ಲಿ ಇದೇ ಪ್ರಶ್ನೆ ಎರಡನೆಯ ವ್ಯಾಟಿಕನ್ ಸಮ್ಮೇಳನದಲ್ಲಿ ಎದ್ದಿತು. 1964ರ ಅಕ್ಟೋಬರಿನಲ್ಲಿ ವಿಯೆನ್ನದ ಕಾರ್ಡಿನಲ್ ಫ್ರಾಂಜ್ ಕೋನಿಗ್ ಎದ್ದುನಿಂತು, ಬೈಬಲಿನ ಇತಿಹಾಸದ ವಿವರಗಳು ಕೆಲವೆಡೆ ನಿಖರವಲ್ಲವೆಂದು ಉದಾಹರಣೆ ಸಹಿತ ಹೇಳಿದರು. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯ ದಾವೀದನ ಪ್ರಸಂಗದಲ್ಲಿ ಅಬಿಯಾತಾರನನ್ನು ಮಹಾಯಾಜಕನೆಂದು ಹೇಳಿದರೆ ಸಮುವೇಲನ ಪುಸ್ತಕದಲ್ಲಿ ಆ ಜಾಗದಲ್ಲಿ ಅಹೀಮೆಲೆಕನಿದ್ದಾನೆ. ಬಹಳ ತಿದ್ದುಪಡಿಗಳ ಬಳಿಕ 1965ರ ನವೆಂಬರ್ 18ರಂದು ಅಂಗೀಕೃತವಾದ ‘ದೇಯಿ ವೆರ್ಬುಂ’ ಎಂಬ ಸಂವಿಧಾನ, ನಮ್ಮ ರಕ್ಷಣೆಗಾಗಿ ದೇವರು ಪವಿತ್ರ ಬರಹಗಳಲ್ಲಿ ಇಡಲು ಇಚ್ಛಿಸಿದ ಸತ್ಯವನ್ನು ಬೈಬಲ್ ತಪ್ಪಿಲ್ಲದೆ ಕಲಿಸುತ್ತದೆ ಎಂಬ ನಿಲುವಿಗೆ ಬಂತು. ಇತಿಹಾಸ, ಪ್ರವಾದನೆ, ಕಾವ್ಯ ಮುಂತಾದ ಬರಹದ ಪ್ರಕಾರಗಳನ್ನು ಅರಿತು ಲೇಖಕನ ಆಶಯ ಹುಡುಕಬೇಕೆಂದೂ ವಿಧಿಸಿತು. ಕಾವ್ಯವನ್ನು ಕಾವ್ಯವಾಗಿ, ಸಾಮತಿಯನ್ನು ಸಾಮತಿಯಾಗಿ ಓದುವುದು ಶ್ರದ್ಧೆಯ ಕೊರತೆಯಲ್ಲ. ಗ್ರಂಥಕ್ಕೆ ಸಲ್ಲಿಸುವ ಗೌರವ.

ಶತ್ರುಗಳ ಶಿಶುಗಳಿಗೂ ನಾಶ ಬಯಸುವ 137ನೆಯ ಕೀರ್ತನೆಯ ಕೊನೆ, ಯೆಹೋಶುವನ ಪುಸ್ತಕದ ಸಂಹಾರಗಳು ಈ ಓದಿಗೂ ಸುಲಭವಾಗಿ ಬಗ್ಗುವುದಿಲ್ಲ. ಅವುಗಳನ್ನು ಆತ್ಮದ ಹೋರಾಟದ ಸಂಕೇತವೆಂದು ಒರಿಜನ್ ಮೂರನೆಯ ಶತಮಾನದಲ್ಲಿಯೇ ಓದಿದ. ನೊಂದವರ ಕೂಗನ್ನು ಸೋಸದೆ ದೇವರ ಮುಂದಿಟ್ಟ ದಾಖಲೆ ಎಂದು ಕೀರ್ತನೆಯನ್ನು ಇಂದಿನ ಹಲವರು ಓದುತ್ತಾರೆ. ಶತ್ರುಗಳನ್ನು ಪ್ರೀತಿಸಿರೆಂದ ಯೇಸುವಿನ ಬೋಧನೆಯ ಎದುರು ಇವುಗಳನ್ನು ಅನುಕರಣೆಗೆ ಮಾದರಿಯಾಗಿ ಇಡುವಂತಿಲ್ಲ ಎಂಬುದಂತೂ ನಿಶ್ಚಿತ.

ಕನ್ನಡ ನಾಡಿನಲ್ಲಿ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಅನುವಾದಕ್ಕೆ ಕೈಹಾಕಿದ. ಸಂಪೂರ್ಣ ಬೈಬಲ್ 1831ರ ಹೊತ್ತಿಗೆ ಕನ್ನಡದಲ್ಲಿ ದೊರೆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುದ್ರಣಾಲಯವನ್ನೂ ಶಾಲೆಗಳನ್ನೂ ನಡೆಸಿತು. ನಿಘಂಟಿನಿಂದ ಹೆಸರಾದ ಫರ್ಡಿನಂಡ್ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದ. ಕಾರ್ಕಳದ ಕಡೆಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, ಸಂಸ್ಕೃತ ವಿದುಷಿಯಾಗಿದ್ದು, ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಪ್ರಸಂಗ ತಮ್ಮನ್ನು ಹಿಡಿದು ನಿಲ್ಲಿಸಿತೆಂದು ಬರೆದುಕೊಂಡಿದ್ದಾರೆ. ಸ್ತ್ರೀಯರನ್ನು ದೂರವಿಡದ ಒಬ್ಬ ರಕ್ಷಕ ಅವರಿಗೆ ಅಲ್ಲಿ ಕಂಡ. ಮುಂದೆ ಇಬ್ರಿಯ, ಗ್ರೀಕ್ ಕಲಿತು, ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸಿ 1922ರಲ್ಲಿ ತೀರಿಕೊಂಡರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ನಾಂದಿಯೆಂದು ಪರಿಗಣಿತವಾಗಿದೆ. ತಿರಸ್ಕೃತನಾಗಿ ನರಳುವ ಸೇವಕನಲ್ಲಿ ಕ್ರಿಸ್ತನನ್ನು ಕಾಣುವ ಓದು ಅದು.

ಇಂದಿನ ಕ್ರೈಸ್ತ ಮನೆಗಳಲ್ಲಿ ಹೊಸ ವರ್ಷಕ್ಕೆ ವಾಗ್ದಾನದ ಕಾರ್ಡು ತೆಗೆಯುವ ರೂಢಿ ಹರಡಿದೆ. ಯೆರೆಮೀಯನ 29ನೆಯ ಅಧ್ಯಾಯದಿಂದ, ಒಳ್ಳೆಯ ಭವಿಷ್ಯದ ಭರವಸೆಯ ವಚನ ಅದರಲ್ಲಿ ಹೆಚ್ಚು ಜನಪ್ರಿಯ. ಅದು ಬಾಬಿಲೋನಿನ ಸೆರೆಯಲ್ಲಿದ್ದ ಜನರಿಗೆ ಬರೆದ ಪತ್ರದ ಮಾತು. ಬಿಡುಗಡೆಗೆ 70 ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಹಾಕಿ, ಸೆರೆಯೊಯ್ದವರ ಪಟ್ಟಣದ ಕ್ಷೇಮಕ್ಕೂ ಪ್ರಾರ್ಥಿಸಿರಿ ಎಂದು ಅದೇ ಪತ್ರ ಹೇಳುತ್ತದೆ. ಕಾರ್ಡಿನ ವಚನದಿಂದ ಸಮಾಧಾನ ಪಡೆಯುವವರು ಆ ಅಧ್ಯಾಯವನ್ನು ಮೊದಲಿನಿಂದ ಓದಲಿ. ಬೈಬಲನ್ನು ಹೊಸದಾಗಿ ಕೈಗೆತ್ತಿಕೊಳ್ಳುವವರು ಯಾಜಕಕಾಂಡದ ನಿಯಮಗಳಲ್ಲಿ ಸಿಕ್ಕಿಕೊಳ್ಳದೆ ಲೂಕನ ಸುವಾರ್ತೆಯಿಂದ ಆರಂಭಿಸಿ, ಅಪೊಸ್ತಲರ ಕೃತ್ಯಗಳು ಮತ್ತು ವಿಮೋಚನಕಾಂಡಕ್ಕೆ ಹೋಗಿ, ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದುವುದು ಒಳ್ಳೆಯ ಕ್ರಮ. ಸಾಧ್ಯವಾದರೆ ಇನ್ನೊಬ್ಬರ ಜೊತೆ ಕುಳಿತು ಓದಬೇಕು.